ಬಂಡೆಯ ತುದಿಯಲ್ಲಿ ಕುಮಾಗೊರೊ

ಓಮಿನೆ ಬೆಟ್ಟದ ಮೇಲೆ ಒಂದು ಬಂಡೆಯಿದೆ. ಬೆಟ್ಟವನ್ನು ಮೊದಲ ಸಲ ಹತ್ತಿದವರನ್ನು ಅದರ ತುದಿಯಿಂದ ತಲೆಕೆಳಗಾಗಿ ಚಾಚಿ ಹಿಡಿದು, ‘ಅಪ್ಪ ಅಮ್ಮನ್ನ ಚೆನ್ನಾಗಿ ನೋಡ್ಕೊಳ್ತೀಯಾ? ಕೆಲಸ ನೆಟ್ಟಗೆ ಮಾಡ್ತೀಯಾ?’ ಎಂದು ಕೇಳುವುದು ನಮ್ಮ ಕಡೆಯ ಪದ್ಧತಿ. ಕೆಳಗೆ ಬರೀ ಗಾಳಿ. ಹೆಗಲಿಗೆ ಹಗ್ಗ ಬಿಗಿದಿರುತ್ತದೆ, ಅದರ ಇನ್ನೊಂದು ತುದಿ ನನ್ನ ಕೈಯಲ್ಲಿರುತ್ತದೆ. ಬೇಸಿಗೆಯಲ್ಲಿ ನಾನು ಯಾತ್ರಿಕರಿಗೆ ದಾರಿ ತೋರಿಸುವವನು. ಉಳಿದ ತಿಂಗಳು ಬೆಟ್ಟದ ಬುಡದ ದೊರೊಗಾವಾದಲ್ಲಿ ವಸತಿಗೃಹ ನಡೆಸುತ್ತೇನೆ. ಮೂವತ್ತೊಂದು ವರ್ಷ ಹಗ್ಗ ಹಿಡಿದಿದ್ದೇನೆ. ಯಾರನ್ನೂ ಬೀಳಿಸಿಲ್ಲ, ಅಲ್ಲಿ ಕೇಳಿದ್ದನ್ನು ಯಾರಿಗೂ ಹೇಳಿಲ್ಲ. ಕುಮಾಗೊರೊ ಹತ್ತಿದ ದಿನದ್ದನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಅಂದು ಕೂಗಿದ್ದೆಲ್ಲ ಆಚೆಯ ಬೆಟ್ಟಕ್ಕೂ ಕೇಳಿಸಿತ್ತು.

ಕುಮಾಗೊರೊ ಮರದ ತೊಟ್ಟಿ ಮಾಡುವವನು. ಅನ್ನದ ತೊಟ್ಟಿ, ಉಪ್ಪಿನಕಾಯಿ ತೊಟ್ಟಿ, ಇಬ್ಬರು ಕೂತು ಮೀಯುವಷ್ಟು ದೊಡ್ಡ ಸ್ನಾನದ ತೊಟ್ಟಿ. ಒಂದು ಮೊಳೆ ಇಲ್ಲ. ಹಲಗೆಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ, ಹೊರಗಿನಿಂದ ಬಿದಿರಿನ ಸೀಳುಗಳನ್ನು ಹೆಣೆದ ಬಳೆ ತೊಡಿಸಿದರೆ ಮುಗಿಯಿತು, ಹನಿ ನೀರು ಆಚೆ ಬರುವುದಿಲ್ಲ. ಬಳೆ ಸಡಿಲವಾದರೆ ಎಷ್ಟು ಒಳ್ಳೆಯ ಹಲಗೆಯಾದರೂ ಬರೀ ಸೌದೆ.

ಕಳೆದ ಜುಲೈಯಲ್ಲಿ ಟೋಕಿಯೊದ ಒಂದು ಮಾಸಪತ್ರಿಕೆಯಿಂದ ಕುರುಸು ಎಂಬವರು ಬಂದು ನಮ್ಮಲ್ಲಿ ಉಳಿದರು. ಅಂಗಿಗೆ ಹನ್ನೊಂದು ಜೇಬು, ಸೊಂಟಕ್ಕೆ ಕರಡಿ ಓಡಿಸುವ ಗಂಟೆ. ಬೆಟ್ಟದ ಆತ್ಮವೂ ಕಸುಬಿನ ಆತ್ಮವೂ ಎಲ್ಲಿ ಕೂಡುತ್ತವೆ ಎಂದು ನೋಡಲು ಬಂದಿದ್ದೇನೆ ಎಂದರು. ನನಗೆ ತಿಳಿದಂತೆ ಅವೆರಡೂ ಕೂಡುವುದು ಹೆಂಡದಂಗಡಿಯಲ್ಲಿ. ಆದರೂ ಅವರನ್ನು ಕುಮಾಗೊರೊನ ಬಳಿ ಕರೆದುಕೊಂಡು ಹೋದೆ.

‘ಈ ಬಳೆ ಹೆಣೆಯೋವಾಗ ನಿಮ್ಮ ಮನಸ್ಸಲ್ಲಿ ಏನಿರುತ್ತೆ, ಗುರುಗಳೇ?’ ಎಂದು ಕುರುಸು ಕೇಳಿದರು.

ಗುರುಗಳೇ ಎಂದದ್ದೇ ಸಾಕಾಯಿತು. ಕುಮಾಗೊರೊನ ಎದೆ ಒಂದು ಗೇಣು ಮುಂದೆ ಬಂತು.

‘ಏನೂ ಇರಲ್ಲ. ಖಾಲಿ. ಹೆಣೆಯೋದು ನಾನಲ್ಲ ಸ್ವಾಮಿ, ಬೆಟ್ಟ ಹೆಣೆಯುತ್ತೆ.’

ಹಿಂದಿನ ಕೋಣೆಯಲ್ಲಿ ಅವನ ಹೆಂಡತಿ ಶಿನೊ ಕೆಮ್ಮಿದಳು.

‘ಸ್ವಲ್ಪ ಹೆಣೆದು ತೋರಿಸ್ತೀರಾ?’

‘ಉಹೂಂ. ಬೆಟ್ಟ ಹತ್ತಿ ಶುದ್ಧ ಆಗದೆ ಇರೋರ ಕಣ್ಣು ಬಿದ್ರೆ ಬಿದಿರು ಸೀಳಿಹೋಗುತ್ತೆ.’

‘ಹಾಗಾದ್ರೆ ನಾಳೆನೇ ಹತ್ತೋಣ!’ ಎಂದು ಕುರುಸು ಚಪ್ಪಾಳೆ ತಟ್ಟಿದರು. ‘ನೀವೂ ಬನ್ನಿ ಗುರುಗಳೇ. ನೀವು ಎಷ್ಟು ಸಲ ಹತ್ತಿರ್ತೀರೋ!’

ಕುಮಾಗೊರೊ ನನ್ನ ಮುಖ ನೋಡಿದ. ಸತ್ಯ ಏನೆಂದರೆ ಅವನು ಒಮ್ಮೆಯೂ ಹತ್ತಿರಲಿಲ್ಲ. ಹದಿನೈದಕ್ಕೆ ನಮ್ಮೂರ ಗಂಡುಮಕ್ಕಳೆಲ್ಲ ಹತ್ತುತ್ತೇವೆ. ಆ ವರ್ಷ ಅವನಿಗೆ ಮಂಗನಬಾವು ಬಂದಿತ್ತು. ಆಮೇಲೆ ಪ್ರತಿ ಬೇಸಿಗೆಗೂ ಒಂದೊಂದು ಕಾಯಿಲೆ ಬಂತು. ಈಗ ಅರವತ್ಮೂರು.

‘ತಮೆಜಿ ಬಿಡುವಾಗಿಲ್ವೇನೋ…’ ಎಂದು ನನ್ನ ಕಡೆ ಕೈ ತೋರಿಸಿದ.

‘ನಾನು ಬಿಡುವಾಗೇ ಇದ್ದೀನಿ,’ ಎಂದೆ.

ಮರುದಿನ ಬೆಳಗ್ಗೆ ಶಿನೊ ಅನ್ನದ ಉಂಡೆ ಕಟ್ಟಿಕೊಂಡು, ಹೆಂಗಸರು ದಾಟಬಾರದ ಹೆಬ್ಬಾಗಿಲಿನವರೆಗೆ ನಮ್ಮ ಜೊತೆ ಬಂದಳು. ಗಂಡನ ಬಿಳಿ ಅಂಗಿಯ ಕೊರಳು ಸರಿಮಾಡಿ, ‘ಹುಷಾರಾಗಿ ಹೋಗಿಬನ್ರೀ. ಸುಳ್ಳು ಹೇಳೋರನ್ನ ಬೆಟ್ಟ ಅಲ್ಲೇ ಇಟ್ಕೊಳ್ಳುತ್ತಂತೆ,’ ಎಂದಳು.

‘ಶುಭ ನುಡಿಯೇ ಅಂದ್ರೆ!’ ಎಂದು ಗೊಣಗಿ ಅವನು ಮೆಟ್ಟಿಲು ಹತ್ತಿದ.

‘ತಪ್ಪಾಯಿತು, ತಪ್ಪಾಯಿತು, ಆರು ಇಂದ್ರಿಯ ಶುದ್ಧವಾಗಲಿ’ ಎಂದು ಕೂಗುತ್ತ ಹತ್ತುವುದು ಪದ್ಧತಿ; ಆರನೆಯ ಇಂದ್ರಿಯ ಮನಸ್ಸು. ಕುಮಾಗೊರೊ ಅರ್ಧ ದಾರಿಗೇ ‘ತಪ್ಪಾಯಿತು’ ಎನ್ನುವುದನ್ನು ಮಾತ್ರ ಉಳಿಸಿಕೊಂಡಿದ್ದ, ಅದೂ ನನಗೆ. ಕುರುಸು ಪ್ರತಿ ತಿರುವಿನಲ್ಲೂ ಒಂದು ಪ್ರಶ್ನೆ ಕೇಳುತ್ತಿದ್ದರು. ಉಸಿರಿಲ್ಲದೆ ಇವನು ಬಾಯಿ ಬಿಟ್ಟುಕೊಂಡು ನಿಂತರೆ, ‘ಮೌನವೇ ಉತ್ತರ’ ಎಂದು ಬರೆದುಕೊಳ್ಳುತ್ತಿದ್ದರು. ಶಿಖರದ ಹತ್ತಿರ ಬರುವ ಹೊತ್ತಿಗೆ ನಾಲ್ಕು ಪುಟ ಮೌನ ತುಂಬಿತ್ತು.

ಬಂಡೆಯ ಬಳಿ ಕಾಲು ಹಿಡಿಯಲು ನನ್ನ ಜೊತೆಗಾರರಿಬ್ಬರು ಕಾದಿದ್ದರು. ಮೊದಲು ಕುರುಸು. ಮುಗಿದ ಕೈ ಮುಂದೆ ಚಾಚಿದರು, ಸೊಂಟದವರೆಗೆ ಗಾಳಿಗೆ ಬಂದರು, ಗಂಟೆ ಕಿಣಿಕಿಣಿ ಎಂದಿತು.

‘ಕೆಲಸ ನೆಟ್ಟಗೆ ಮಾಡ್ತೀಯಾ?’ ಎಂದು ಗದರಿದೆ.

‘ಮಾಡ್ತೀನಿ! ಹೋದ ತಿಂಗಳು ಬಿಸಿನೀರ ಬುಗ್ಗೆ ಬಗ್ಗೆ ಬರೆದಿದ್ದು ಅಲ್ಲಿಗೆ ಹೋಗಿ ಅಲ್ಲ! ಕರಪತ್ರ ನೋಡಿ ಬರೆದೆ! ಅದಕ್ಕೂ ಹಿಂದಿನ ತಿಂಗಳೂ ಹಂಗೇ!’

ಎಳೆದುಕೊಂಡೆವು. ಅವರು ಅಳುತ್ತ ನಗುತ್ತಿದ್ದರು. ‘ಎಷ್ಟು ಹಗುರ ಆಯ್ತು! ಈಗ ಗುರುಗಳು!’

‘ನಂಗೆ ಬೇಡ, ನಾನು ಹಗುರಾಗೇ ಇದ್ದೀನಿ,’ ಎಂದ ಕುಮಾಗೊರೊ. ಅಷ್ಟರಲ್ಲಿ ನಾನು ಹಗ್ಗ ಬಿಗಿದಾಗಿತ್ತು.

ಅವನ ದೇಹ ದೊಡ್ಡದು. ಮೂವರೂ ತುಟಿ ಕಚ್ಚಿ ಹಿಡಿದೆವು.

‘ಹೆಂಡತೀನ ಚೆನ್ನಾಗಿ ನೋಡ್ಕೊಳ್ತೀಯಾ?’

‘ಹೂಂ.’

‘ಕೇಳಿಸ್ಲಿಲ್ಲ!’ ಎಂದು, ಎಲ್ಲರಿಗೂ ಮಾಡುವಂತೆ, ಇನ್ನೊಂದು ಗೇಣು ಮುಂದಕ್ಕೆ ಬಿಟ್ಟೆ.

ಆಗ ಬಂತು ನೋಡಿ. ‘ಬಳೆ ನಂದಲ್ಲಾ! ಬಳೆ ಶಿನೊದು! ಅಷ್ಟೂ ಅವಳೇ ಹೆಣೆದಿದ್ದು! ಮೂವತ್ತೆಂಟು ವರ್ಷ! ನಂಗೆ ಬರಲ್ಲಾ! ಎಳೀರೋ, ಎಳೀರೋ!’

‘ಬರಲ್ಲಾ… ಬರಲ್ಲಾ…’ ಎಂದು ಆಚೆಯ ಬೆಟ್ಟ ಸಾವಧಾನವಾಗಿ ಹೇಳಿತು.

ಮೇಲೆ ಬಂದವನು ಬಂಡೆಯನ್ನು ತಬ್ಬಿ ಮಲಗಿದ. ಕುರುಸು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಕೇಳಿದರು: ‘ಮತ್ತೆ, ಬೆಟ್ಟ ಹೆಣೆಯುತ್ತೆ ಅಂದ್ರಲ್ಲಾ?’

‘ಬಾಯಿಗೆ ಬಂತು, ಅಂದೆ.’ ಆಮೇಲೆ ಎದ್ದು ಕೂತು ಅವನೇ ಮಾತು ಮುಂದುವರಿಸಿದ. ಬಳೆಯ ಕೆಲಸ ಹೇಳಿಕೊಡುವ ಮೊದಲೇ ಅವನಪ್ಪ ತೀರಿಕೊಂಡಿದ್ದ. ಮದುವೆಯಾದ ವರ್ಷ ತಾನೇ ಹೆಣೆದು ಸ್ನಾನದ ತೊಟ್ಟಿ ಮಾಡಿದ. ಸೋದರಮಾವ ಒಳಗೆ ಕೂತಿರುವಾಗಲೇ ಅದು ಹೂವಿನಂತೆ ಅರಳಿಕೊಂಡಿತು. ಶಿನೊ ಬುಟ್ಟಿ ಹೆಣೆಯುವವರ ಮಗಳು. ಏನೂ ಹೇಳದೆ ಅಂದು ಸಂಜೆಯೇ ಬಿದಿರು ಹಿಡಿದು ಕೂತಳು. ಇವನೂ ಏನೂ ಹೇಳಲಿಲ್ಲ. ಹಾಗೇ ನಡೆದುಬಂತು.

ಇಳಿಯುವಾಗ ದಾರಿಯುದ್ದಕ್ಕೂ ಅವನ ತುಟಿ ಅಲುಗುತ್ತಿತ್ತು. ಮಂತ್ರ ಹೇಳುತ್ತಿದ್ದಾನೆ ಎಂದುಕೊಂಡೆ. ಹೆಂಡತಿಗೆ ಹೇಗೆ ಹೇಳುವುದೆಂದು ಬಾಯಿಪಾಠ ಮಾಡುತ್ತಿದ್ದ. ಹೆಬ್ಬಾಗಿಲಿನ ಚಹದಂಗಡಿಯಲ್ಲಿ ಶಿನೊ ಕಾದಿದ್ದಳು. ಅವಳನ್ನು ಕಂಡದ್ದೇ ಬಾಯಿಪಾಠ ಮರೆತುಹೋಯಿತು.

‘ಬಳೆ ವಿಷಯ… ಹೇಳ್ಬಿಟ್ಟೆ ಕಣೇ.’

‘ಯಾರಿಗೆ?’

‘ಇವ್ರಿಗೆ. ತಮೆಜಿಗೂ.’

‘ತಮೆಜಿಗೆ ಗೊತ್ತಿಲ್ದೆ ಏನು? ಊರಿಗೇ ಗೊತ್ತಲ್ರೀ.’

ಕುಮಾಗೊರೊ ನನ್ನತ್ತ ತಿರುಗಿದ. ನಾನು ಬಗ್ಗಿ, ಸರಿಯಾಗೇ ಇದ್ದ ಪಾದರಕ್ಷೆಯ ದಾರ ಬಿಚ್ಚಿ ಕಟ್ಟತೊಡಗಿದೆ.

‘ನಿಂಗೆ ಗೊತ್ತಿತ್ತೇನೋ?’

‘ಬಿದಿರು ತಂದುಕೊಡೋನು ಶಿನೊ ಅಕ್ಕನ ಹತ್ರ ಅಳತೆ ಕೇಳ್ತಾನೆ. ನಿನ್ನ ಹತ್ರ ಒಂದಿನ ಕೇಳಿದ್ನೇನೋ?’

‘ಮತ್ತೆ ಯಾಕೋ ಇಷ್ಟು ವರ್ಷ ಸುಮ್ನಿದ್ದೆ?’

‘ನೀನು ಅಷ್ಟು ಚೆನ್ನಾಗಿ ಹೇಳ್ತಿದ್ದೆ, ಮಧ್ಯೆ ಯಾಕೆ ಬಾಯಿ ಹಾಕ್ಲಿ ಅಂತ.’

ಅವನ ಮುಖ ಬೀಟ್‌ರೂಟಿನ ಹಾಗೆ ಕೆಂಪಾಯಿತು. ಕುರುಸು ಶಿನೊ ಕಡೆ ಬಗ್ಗಿ ನಮಸ್ಕರಿಸಿ, ‘ಅಮ್ಮಾ, ಇಷ್ಟು ವರ್ಷ ನಿಮ್ಗೆ ಬೇಜಾರಾಗ್ಲಿಲ್ವಾ?’ ಎಂದರು.

‘ಆಗ್ದೆ ಏನು? ಬೇಜಾರಾದ ದಿನ ಬಳೆ ಇನ್ನೂ ಬಿಗಿಯಾಗಿ ಬರ್ತಿತ್ತು,’ ಎಂದಳು ಶಿನೊ. ‘ಅಂಥ ತೊಟ್ಟಿ ಒಂದೂ ಸೋರಿಲ್ಲ.’

ಮರುದಿನ ಕುರುಸು ಹಿಂದಿನ ಕೋಣೆಯಲ್ಲಿ ಕೂತರು. ಶಿನೊ ಎರಡಾಳುದ್ದದ ಬಿದಿರನ್ನು ಸೀಳಿ, ಸೀಳುಗಳನ್ನು ಒಂದಕ್ಕೊಂದು ಸುತ್ತಿ ಜಡೆಯಂತೆ ಹೆಣೆಯುತ್ತ ಹೋದಳು. ಯಾರ ಕಣ್ಣು ಬಿದ್ದರೂ ಏನೂ ಒಡೆಯಲಿಲ್ಲ. ಕುರುಸು ತಮ್ಮ ಅದೇ ಪ್ರಶ್ನೆ ಕೇಳಿದರು, ಮನಸ್ಸಲ್ಲಿ ಏನಿದೆ ಎಂದು.

‘ಮಧ್ಯಾಹ್ನಕ್ಕೆ ಏನು ಅಡುಗೆ ಮಾಡ್ಲಿ ಅಂತ. ಸುಮ್ನೆ ಕೂತಿದ್ದೀರಲ್ಲ, ಆ ತುದಿ ಹಿಡ್ಕೊಳ್ಳಿ.’

ಸಂಜೆವರೆಗೆ ಹಿಡಿದರು. ಆ ದಿನ ಒಂದಕ್ಷರ ಬರೆಯಲಿಲ್ಲ.

ಕುಮಾಗೊರೊಗೆ ಮನಸ್ಸು ತಡೆಯಲಿಲ್ಲ. ತೊಟ್ಟಿಯ ಅಡಿಯಲ್ಲಿ ತನ್ನ ಮುದ್ರೆಯ ಪಕ್ಕ ಅವಳ ಹೆಸರನ್ನೂ ಸುಟ್ಟು ಮೂಡಿಸುತ್ತೇನೆ ಎಂದು ಕಬ್ಬಿಣ ಕಾಯಿಸಿದ. ಶಿನೊ ಕೈ ಅಡ್ಡ ಹಿಡಿದಳು. ‘ಬೇಡಪ್ಪಾ. ನಾಳೆ ಸೋರಿದ್ರೆ ಜನ ಯಾರ ಹೆಸರು ಹಿಡಿದು ಬೈಯ್ಯೋದು? ನಿಮ್ದೊಂದೇ ಇರ್ಲಿ.’

ಚಳಿಗಾಲದ ಹೊತ್ತಿಗೆ ಲೇಖನ ಅಚ್ಚಾಗಿ ಬಂತು. ಶಿನೊಳ ಕೈಗಳ ಚಿತ್ರ ಒಂದು ಪುಟ ತುಂಬಿತ್ತು. ಕುಮಾಗೊರೊ ಹನ್ನೆರಡು ಪ್ರತಿ ತರಿಸಿ ಊರಿಗೆಲ್ಲ ಹಂಚಿದ. ಇನ್ನಾದರೂ ಅವನ ಬಾಯಿ ಸಣ್ಣದಾದೀತು ಎಂದುಕೊಂಡಿದ್ದೆವು. ಎಲ್ಲಿ ಬಂತು! ಮೊದಲು ತನ್ನ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದವನು ಈಗ ಹೆಂಡತಿಯ ಬಗ್ಗೆ ಕೊಚ್ಚಿಕೊಳ್ಳುತ್ತಾನೆ, ಮೊದಲಿಗಿಂತ ಎರಡರಷ್ಟು ಹೊತ್ತು.

ಹೋದ ವಾರ ನಾನು ಅಲ್ಲಿಗೆ ಹೋದಾಗ ಶಿನೊ ಬೆಳಕು ಚೆನ್ನಾಗಿರುವ ಮುಂದಿನ ಜಗಲಿಯಲ್ಲೇ ಕೂತು ಹೆಣೆಯುತ್ತಿದ್ದಳು.

‘ಹೌದೇನಪ್ಪಾ ತಮೆಜಿ, ನಾನು ಕಣ್ಣು ಮುಚ್ಕೊಂಡು ಹೆಣೀತೀನಂತೆ?’

‘ಹೆಂಡದಂಗಡೀಲಿ ಹಂಗೇ ಸುದ್ದಿ ಅಕ್ಕ.’

ಅವಳು ಒಂದು ಕ್ಷಣ ಯೋಚಿಸಿ ಕಣ್ಣು ಮುಚ್ಚಿದಳು. ಮೂರು ಸುತ್ತು ಸೊಗಸಾಗಿ ಬಂತು. ನಾಲ್ಕನೆಯದಕ್ಕೆ ಬೆರಳಿಗೆ ಸಿಬಿರು ಚುಚ್ಚಿತು.

‘ರೀ, ಸೂಜಿ ತನ್ನಿ,’ ಎಂದು ಒಳಗೆ ಕೂಗಿದಳು. ಕುಮಾಗೊರೊ ಹಲಗೆ ಹೆರೆಯುತ್ತಿದ್ದ ಕೀಸುಳಿ ಬಿಟ್ಟು ಓಡಿಬಂದ.