ಬದಲಾದ ಬಟ್ಟಲು

ನಮ್ಮಮ್ಮ ದ್ರೌಪದಮ್ಮನಿಗೆ ಯಾರ ಮೇಲಾದರೂ ಅನುಮಾನ ಹುಟ್ಟಿತೆಂದರೆ ಮುಗಿಯಿತು. ದೇವರೇ ಬಂದು ಸಾಕ್ಷಿ ಹೇಳಿದರೂ ಆ ದೇವರ ಮೇಲೂ ಒಂದು ಕಣ್ಣಿಟ್ಟಿರುತ್ತಾಳೆ. ಅಲ್ಲಾಳಸಂದ್ರದ ನಮ್ಮ ಮನೆಯ ಮಹಡಿಗೆ ಫಿನ್‌ಲ್ಯಾಂಡಿನ ಹೆಲ್ಮಿ ಬಾಡಿಗೆಗೆ ಬಂದಾಗಿನಿಂದ ಆ ಕಣ್ಣಿಗೆ ಬಿಡುವಿಲ್ಲ. ಹೆಲ್ಮಿ ರಾಜಾನುಕುಂಟೆ ಕಡೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಮಾತು ಕಡಿಮೆ. ಅಮ್ಮನ ಮೊದಲ ತಕರಾರೇ ಅದು.

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಅವಳು ನಮ್ಮಿಬ್ಬರನ್ನೂ ಊಟಕ್ಕೆ ಕರೆದಳು. ಅಂದು ಮಧ್ಯಾಹ್ನ ಯಾರದೋ ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚಿ ಬಂದಿದ್ದಳು. ಅವರಲ್ಲಿ ಅದೂ ಹಬ್ಬದ ಪದ್ಧತಿಯೇ.

"ಅಬ್ಬದ ದಿನ ಸುಡುಗಾಡಿಗೆ ಓಗಿ ಬಂದವ್ಳು ಬೇಯ್ಸಿದ್ನ ತಿಂತೀಯೇನೇ, ರಾಧಾಮಣಿ?"

"ಬಂದ್ಮೇಲೆ ಸ್ನಾನ ಮಾಡಿದ್ಲಮ್ಮ. ಬಚ್ಚಲಲ್ಲಿ ಆವಿ ತುಂಬಿಸ್ಕೊಂಡು ಎಷ್ಟೊತ್ತು ಕೂತಿದ್ಲು! ಅದೂ ಅವರ ಹಬ್ಬದ್ದೇ."

"ಅಷ್ಟೊತ್ತು ತೊಳ್ಕೊಳ್ಳೋವಂಥದ್ದು ಏನಿತ್ತೋ!"

ಸೆರಗು ಬಿಗಿದುಕೊಂಡು ಅಮ್ಮ ಮೆಟ್ಟಿಲು ಹತ್ತಿದಳು. ನನ್ನೊಬ್ಬಳನ್ನೇ ಕಳಿಸಲು ಅವಳಿಗೆ ಧೈರ್ಯವಿರಲಿಲ್ಲ.

ಊಟವೆಂದರೆ ಹಾಲಿನಲ್ಲಿ ಬೇಯಿಸಿದ ಅನ್ನ, ಮೇಲೆ ಸಕ್ಕರೆ, ಚಕ್ಕೆ ಪುಡಿ. ಏಲಕ್ಕಿಯಿಲ್ಲದ ಈ ಪಾಯಸವನ್ನು ಹೆಲ್ಮಿ ಒಲೆಯ ಕಡೆ ತಿರುಗಿ ಬಡಿಸಿ ತಂದಳು. ಒಂದು ಬಟ್ಟಲನ್ನು "ಇದು ರಾಧಾಗೆ" ಎಂದು ನನ್ನ ಮುಂದಿಟ್ಟು ಮೇಣದಬತ್ತಿ ಹಚ್ಚಲು ಹೋದಳು.

ಅಮ್ಮ ನನ್ನ ತೊಡೆ ಚಿವುಟಿದಳು. "ಅದ್ರೊಳಕ್ಕೆ ಏನೋ ಒತ್ತಿದ್ಲು ಕಣೇ. ಮದ್ದು ಇಕ್ಕವ್ಳೆ!"

"ಸುಮ್ನಿರಮ್ಮ."

ಸುಮ್ಮನಿರುವವಳೇ ಅವಳು? ಕಣ್ಣು ಮಿಟುಕಿಸುವಷ್ಟರಲ್ಲಿ ಬಟ್ಟಲುಗಳು ಅದಲುಬದಲಾದವು. "ಆಗೋದಾದ್ರೆ ನಂಗಾಗ್ಲಿ" ಎನ್ನುತ್ತಾ ಚಮಚ ತುಂಬಿ ಬಾಯಿಗಿಟ್ಟುಕೊಂಡಳು. ಸಿಟ್ಟೂ ಬಂತು, ಕನಿಕರವೂ ಆಯಿತು.

ಹೆಲ್ಮಿ ಬಂದು ಕೂತು ಆ ಪಾಯಸದ ಪದ್ಧತಿಯನ್ನು ಇಂಗ್ಲಿಷಿನಲ್ಲಿ ಹೇಳಿದಳು. ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. "ಪಾತ್ರೆಗೆ ಒಂದೇ ಒಂದು ಬಾದಾಮಿ ಹಾಕಿರ್ತಾರಂತೆ. ಅದು ಯಾರಿಗೆ ಸಿಗತ್ತೋ ಅವರಿಗೆ ಬರೋ ವರ್ಷ ಮದುವೆ ಆಗತ್ತಂತೆ."

ಅಮ್ಮನ ದವಡೆ ನಿಂತಿತು.

ಮೋಸವಂತೂ ನಡೆದಿತ್ತು, ಅಮ್ಮನ ಕಣ್ಣು ತಪ್ಪಿರಲಿಲ್ಲ. ಹೆಲ್ಮಿ ಒತ್ತಿದ್ದು ಬಾದಾಮಿ, ಅದೂ ನನಗೇ ಸಿಗಲೆಂದು. ಹೆಲ್ಮಿ ನನ್ನ ಬಟ್ಟಲನ್ನೇ ನೋಡುತ್ತಾ ನಗುಮುಖದಲ್ಲಿ ಕಾಯುತ್ತಿದ್ದಳು. ನನಗೆ ಮೂವತ್ತಾರು. ಹೋದ ತಿಂಗಳು ಬಂದು ನೋಡಿ ಹೋದವರೂ ಒಲ್ಲೆ ಎಂದಿದ್ದರು. ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು. ಆದರೂ ಇಲ್ಲವೆಂದು ಗೊತ್ತಿದ್ದೇ ತಳದವರೆಗೆ ಕೆದಕಿದೆ. ಹೆಲ್ಮಿಯ ನಗು ಆರಿ, ಅವಳು ನಿಧಾನವಾಗಿ ಅಮ್ಮನ ಕಡೆ ತಿರುಗಿದಳು.

ನೀರಿನ ಲೋಟ ತುಟಿಗೆ ತಾಗಿದರೆ ಎಂಜಲೆಂದು ಇಡೀ ಮನೆಯನ್ನೇ ಗದರುವ ಅಮ್ಮ, ಬಾಯಿಗೆ ಬೆರಳು ಹಾಕಿ ಬಾದಾಮಿಯ ಚೂರನ್ನು ತೆಗೆದಳು. ಸೆರಗಿನಲ್ಲಿ ಒರೆಸಿ ನನ್ನ ಬಟ್ಟಲಿಗೆ ಹಾಕಿದಳು.

"ಅರ್ಧ ನುಂಗ್ಬಿಟ್ಟೆ ಕಣೇ." ಹೆಲ್ಮಿಯ ಕಡೆ ಗದ್ದ ಎತ್ತಿದಳು. "ಅರ್ಧಕ್ಕೂ ಆಯ್ತದಾ ಕೇಳು ಅವಳ್ನ."

ನಾನು ಹೆಲ್ಮಿಯನ್ನು ಕೇಳಲಿಲ್ಲ.

"ಆಗತ್ತಂತಮ್ಮ" ಎಂದು ಅದನ್ನು ಬಾಯಿಗೆ ಹಾಕಿಕೊಂಡೆ.