ಅಕ್ಕನ ಹಣೆಯ ಮೇಲಿನ ಹೆಸರು

ಸಿದ್ದಲಿಂಗಮ್ಮನ ಹಣೆಯ ಮೇಲೆ ಅಳಿಯನ ಹೆಸರು ಬರೆದಿತ್ತು.

ಕಂಪ್ಯೂಟರಿನ ಪರದೆಯಲ್ಲಿ ಅವಳು ನಗುತ್ತಿದ್ದಳು. ತಲೆ ಸ್ವಲ್ಪ ಹಿಂದಕ್ಕೆ ವಾಲಿತ್ತು, ಸೆರಗು ಭುಜದಿಂದ ಜಾರಿತ್ತು, ಬಿದ್ದುಹೋದ ಹಲ್ಲಿನ ಜಾಗವೂ ಕಾಣುತ್ತಿತ್ತು. ಕ್ಯಾಮೆರಾದ ಮುಂದೆ ಅವಳು ಜೀವಮಾನದಲ್ಲಿ ಒಂದೇ ಸಲ ನಕ್ಕಿದ್ದ ನಗು ಅದು. ಆ ಮುಖದ ಮೇಲೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ, ಹಣೆಗೆ ಅಡ್ಡಲಾಗಿ, ತೆಳುಬಿಳಿಯ ಇಂಗ್ಲಿಷ್ ಅಕ್ಷರಗಳಲ್ಲಿ 'ಶಿವಕಿರಣ್ ಫೋಟೋಗ್ರಫಿ' ಎಂದಿತ್ತು.

"ಇದನ್ನ ಅಳಿಸಿ" ಎಂದರು ಅವಳ ತಂಗಿ ಶಾಂತಾದೇವಿ.

"ಅಳಿಸೋಕಾಗಲ್ಲ ಚಿಕ್ಕತ್ತೆ. ಅಳಿಸಬಾರದು ಅಂತಾನೇ ಹಾಕೋದು ಅದನ್ನ" ಎಂದ ಶಿವಕಿರಣ್. "ವಾಟರ್‌ಮಾರ್ಕ್ ಅಂತಾರೆ."

"ಏನಾದರೂ ಅನ್ನಲಿ. ಹಣೆ ಮೇಲೆ ಯಾಕೆ ಬರೆದ್ರಿ?"

"ಮೂಲೇಲಿ ಹಾಕಿದ್ರೆ ಕತ್ತರಿಸ್ಕೊಂಡು ಹೋಗ್ತಾರೆ ಚಿಕ್ಕತ್ತೆ. ಮಧ್ಯ ಹಾಕಿದ್ರೆ ಕದಿಯೋಕಾಗಲ್ಲ."

"ನಮ್ಮಕ್ಕನ ಮುಖಾನ ಯಾರು ಕದೀತಾರೆ ಕಿರಣ್?"

ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ಶಿವಕಿರಣ್ ಡಿಜಿಟಲ್ ಕ್ಯಾಮೆರಾ ಕೊಂಡ ಮೇಲೆ ಭಾನುವಾರ ಮನೆಯಲ್ಲಿ ನಿಂತವನಲ್ಲ. ತೆಗೆದದ್ದನ್ನೆಲ್ಲ ಇಂಟರ್ನೆಟ್ಟಿನ ಆಲ್ಬಮ್ಮಿಗೆ ಏರಿಸುತ್ತಿದ್ದ. ಹಿಂದಿನ ವರ್ಷ, ಎರಡು ಸಾವಿರದ ಆರರಲ್ಲಿ, ಕಡಕೊಳದ ಹತ್ತಿರ ತೆಗೆದ ಸೂರ್ಯಕಾಂತಿ ಹೊಲದ ಫೋಟೋ ಯಾವುದೋ ಅಡುಗೆ ಎಣ್ಣೆಯ ಕ್ಯಾಲೆಂಡರಿನಲ್ಲಿ ಕಂಡಿತ್ತು. ಆ ಕ್ಯಾಲೆಂಡರು ಅವನ ಮನೆಗೇ, ಎಣ್ಣೆಯ ಡಬ್ಬಿಯ ಜೊತೆಗೆ ಬಂದಿತ್ತು. ಅಂದಿನಿಂದ ಅವನು ಹೂವು, ಹಕ್ಕಿ, ಬಸ್ ಸ್ಟ್ಯಾಂಡು, ಹಬ್ಬದ ಒಬ್ಬಟ್ಟು ಯಾವುದನ್ನೂ ಬಿಡದೆ ಎಲ್ಲದರ ನಡುಮಧ್ಯೆ ಹೆಸರು ಒತ್ತತೊಡಗಿದ್ದ.

"ಹೆಸರಿಲ್ಲದ್ದು ಒಂದಾದರೂ ಇರಬೇಕಲ್ಲ?"

"ಮಳೇಲಿ ಕಂಪ್ಯೂಟರ್ ಕೆಟ್ಟೋಯ್ತಲ್ಲ, ಎಲ್ಲಾ ಅಳಿಸಿ ಫಾರ್ಮ್ಯಾಟ್ ಮಾಡಿಸ್ಬುಟ್ಟೆ. ಹೆಂಗೂ ಆಲ್ಬಮ್‌ನಲ್ಲಿ ಇದೆಯಲ್ಲ ಅಂತ…"

ಬಾಗಿಲಲ್ಲಿ ಅವನ ಹೆಂಡತಿ ಹೇಮಶ್ರೀ ನಿಂತಿದ್ದಳು. ಸತ್ತವಳು ಅವಳ ತಾಯಿ. ಬರುವ ಭಾನುವಾರ ಶಿವಗಣಾರಾಧನೆ. ಬಂದ ನೆಂಟರೆಲ್ಲ ಹೂವು ಏರಿಸುವುದು ಫೋಟೋಕ್ಕೆ. ಸಿದ್ದಲಿಂಗಮ್ಮನಿಗೋ ಫೋಟೋ ಎಂದರೆ ಆಗುತ್ತಿರಲಿಲ್ಲ. ರೇಷನ್ ಕಾರ್ಡಿನಲ್ಲಿ ಎದುರಿಗಿದ್ದವನ ಮೇಲೆ ಈಗಲೇ ಹಾರಿಬೀಳುವವಳಂತೆ ಇದ್ದಳು. ಮಗಳ ಮದುವೆಯ ಆಲ್ಬಮ್ಮಿನಲ್ಲಿ ಅವಳದು ಬರೀ ತುರುಬು. ಪ್ರತಿ ಫೋಟೋದಲ್ಲೂ ಊಟದ ಪಂಕ್ತಿಯ ಕಡೆಗೇ ತಿರುಗಿದ್ದಳು. ಈ ಒಂದು ಫೋಟೋ ತೆಗೆದ ದಿನ ಮಾತ್ರ, ಮುಖ ಗಂಟಿಕ್ಕಿ ಕುಳಿತವಳಿಗೆ ಶಾಂತಾದೇವಿ, "ಅಕ್ಕ, ಇದು ರೇಷನ್ ಕಾರ್ಡಿಗಲ್ಲ ಕಣೇ, ಅಕ್ಕಿ ಕೊಡಲ್ಲ ಅಂತ ಹೆದರಬೇಡ" ಎಂದಿದ್ದರು. ಅವಳು ನಕ್ಕುಬಿಟ್ಟಿದ್ದಳು. ಶಾಂತಾದೇವಿಗೆ ಬೇಕಾದದ್ದು ಆ ನಗು. ತಾವು ನಗಿಸಿದ ಅಕ್ಕನನ್ನೇ ಊರವರೆಲ್ಲ ನೋಡಬೇಕು, ಆ ಕಾರ್ಡಿನವಳನ್ನಲ್ಲ.

ಶಾಂತಾದೇವಿ ಒಯ್ದುಕೊಟ್ಟ ಆ ಫೋಟೋ ನೋಡಿ ಸ್ಟುಡಿಯೋದ ಮಹೇಶ್ ಹಗುರವಾಗಿ ಕೈ ಬೀಸಿದ. "ಇದೇನ್ ಮಹಾ ಅಮ್ಮಾ? ಕಂಪ್ಯೂಟರ್‌ನಲ್ಲಿ ಆಗ್ದೇ ಇರೋದು ಏನಿದೆ? ನಾಳೆ ಬನ್ನಿ, ಕ್ಲೀನ್ ಮಾಡಿ ಕೊಡ್ತೀನಿ."

ಮರುದಿನ ಶಾಂತಾದೇವಿ ಬಿಸಿಲಲ್ಲಿ ಮತ್ತೆ ಹೋದರು. ಅಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಧರಣಿ ಎದ್ದು ತನ್ನ ಕುರ್ಚಿಯನ್ನೇ ಕೊಟ್ಟಳು, ಫ್ಯಾನನ್ನು ಅವರತ್ತ ತಿರುಗಿಸಿದಳು. ಬೆವರಿನ ಕುತ್ತಿಗೆಗೆ ಗಾಳಿ ತಾಗಿದ್ದೇ ಶಾಂತಾದೇವಿಗೆ ಅರ್ಧ ಸಿಟ್ಟು ಇಳಿಯಿತು. ಉಳಿದರ್ಧ ಫೋಟೋ ನೋಡಿದಾಗ ಎರಡರಷ್ಟಾಗಿ ಏರಿತು.

ಹೆಸರು ಹೋಗಿತ್ತು. ಹಣೆ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಒಂದು ಸುಕ್ಕಿಲ್ಲ. ಕೆಳಗೆ ಎಪ್ಪತ್ತರ ಕೆನ್ನೆ, ಮೇಲೆ ಇಪ್ಪತ್ತರ ಹಣೆ.

"ವಿಭೂತಿ ಎಲ್ರೀ?"

"ಯಾವ ವಿಭೂತಿ ಅಮ್ಮಾ?"

"ಅಕ್ಕನ ಹಣೇಲಿದ್ದ ವಿಭೂತಿ!"

ಮಹೇಶ್ ಹಳೆಯದನ್ನು ತೆರೆದು, ದೊಡ್ಡದು ಮಾಡಿ, ಬಗ್ಗಿ ನೋಡಿದ. ಅಕ್ಷರಗಳ ಅಡಿಯಲ್ಲಿ ಮಸುಕಾದ ಮೂರು ಬಿಳಿ ಗೆರೆಗಳು ಇಣುಕುತ್ತಿದ್ದವು.

"ಅಯ್ಯೋ… ಅದೂ ನಿಮ್ಮ ಅಳಿಯಂದಿರ ಡಿಸೈನೇ ಅಂದ್ಕೊಂಡೆ ಕಣಮ್ಮ. ಈಗೆಲ್ಲ ಹೆಸರಿನ ಕೆಳಗೆ ಗೆರೆ ಎಳೀತಾರಲ್ಲ, ಸ್ಟೈಲಿಗೆ…"

"ಮಹೇಶ್, ನಿಮ್ಮ ಹಣೇಲಿ ಏನಿದೆ?"

ಅವನು ಹಣೆ ಮುಟ್ಟಿಕೊಂಡ. ಬೆಳಿಗ್ಗೆ ಸ್ನಾನವಾದ ಮೇಲೆ ಹಚ್ಚಿಕೊಂಡದ್ದು ಬೆರಳಿಗೆ ಅಂಟಿತು. ಧರಣಿ ತುಟಿ ಕಚ್ಚಿಕೊಂಡು ಕೀಬೋರ್ಡಿನ ಧೂಳು ಒರೆಸತೊಡಗಿದಳು.

"ವಾಪಸ್ ತನ್ನಿ ಅದನ್ನ."

"ಅದೇ ಕಷ್ಟ ಅಮ್ಮಾ. ಎರಡೂ ಬಿಳೀ ಬಣ್ಣ, ಒಂದರೊಳಗೊಂದು ಸೇರ್ಕೊಂಡಿದೆ. ಹೆಸರು ಇರಲಿ ಅಂದ್ರೆ ವಿಭೂತಿ ಇರುತ್ತೆ. ಹೆಸರು ಬೇಡ ಅಂದ್ರೆ ವಿಭೂತಿನೂ ಹೋಗುತ್ತೆ. ಬೇಕಾದ್ರೆ ಹೊಸದಾಗಿ ಎಳ್ದುಬುಡ್ತೀನಿ, ನೋಡಿ."

ಎಳೆದೂ ತೋರಿಸಿದ. ಮೂರು ಪಟ್ಟೆಗಳು, ಒಂದೇ ದಪ್ಪ, ಒಂದೇ ಉದ್ದ, ಸುಣ್ಣದಷ್ಟು ಬಿಳಿ.

"ಇದೇನ್ರೀ ಇದು? ರಸ್ತೆ ದಾಟೋಕಾ?"

"ಚೆನ್ನಾಗಿ ಎದ್ದು ಕಾಣ್ಲಿ ಅಂತ…"

"ಎದ್ದು ಕಾಣೋದು ಬೇಡ. ನಮ್ಮಕ್ಕ ಕಾಣಬೇಕು."

ಹಾಗೆಂದರೂ ಅಕ್ಕನ ವಿಭೂತಿ ಹೇಗಿತ್ತೆಂದು ಅವನಿಗೆ ತಿಳಿಸಿ ಹೇಳಲು ಆಗಲಿಲ್ಲ. ಲಿಂಗಪೂಜೆಗೆ ಕುಳಿತವಳು ಒಂದು ಕಣ್ಣು ಹಾಲಿನ ಪಾತ್ರೆಯ ಮೇಲಿಟ್ಟು, "ಉಕ್ತಾ ಇದೆ, ನೋಡ್ರೇ" ಎಂದು ಕೂಗುತ್ತಲೇ ಬೆರಳೆಳೆಯುತ್ತಿದ್ದಳು. ಗೆರೆಗಳು ಒಂದು ಕಡೆ ಏರುತ್ತಿದ್ದವು, ಇನ್ನೊಂದು ಕಡೆ ಕೂಡಿಬಿಡುತ್ತಿದ್ದವು. ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಕಾಪಿ ತಿದ್ದಿ ನಿವೃತ್ತರಾದ ಶಾಂತಾದೇವಿಗೆ ಅದನ್ನು ನೋಡಿದಾಗಲೆಲ್ಲ ಒರೆಸಿ ಸರಿಮಾಡಬೇಕೆನಿಸುತ್ತಿತ್ತು, ಎಷ್ಟೋ ಸಲ ಸರಿಮಾಡಿಯೂ ಇದ್ದರು. ಈಗ ಆ ಸೊಟ್ಟ ಗೆರೆಗಳನ್ನೇ ಹುಡುಕಿಕೊಂಡು ಅಲೆಯುವುದಾಯಿತಲ್ಲ ಎಂದು ಅವರಿಗೆ ತಮ್ಮ ಮೇಲೂ ರೇಗಿತು.

"ಪಟ್ಟೆ ತೆಗೀರಿ. ಹಣೆ ಬರಿದಾಗೇ ಇರಲಿ. ಗಾಜಿನ ಮೇಲೆ ನಾನೇ ಹಚ್ತೀನಿ."

ಶನಿವಾರ ಫ್ರೇಮು ತರಲು ಹೋದಾಗ ಧರಣಿ ಮೆಲ್ಲಗೆ, "ಅಮ್ಮಾ, ಸುಕ್ಕು ಒಂಚೂರು ತಂದಿದೀನಿ, ಕೆನ್ನೆಯಿಂದ ತಗೊಂಡು. ಸರಿಯಾಗಿದ್ಯಾ ನೋಡಿ" ಎಂದಳು. ಯಾರೂ ಹೇಳದೆ, ಊಟದ ಹೊತ್ತಿನಲ್ಲಿ ಕುಳಿತು ಮಾಡಿದ್ದಳಂತೆ. ಹಣೆಗೆ ಈಗ ಕೆನ್ನೆಯಷ್ಟೇ ವಯಸ್ಸಾಗಿತ್ತು. ಶಾಂತಾದೇವಿ ಅವಳ ತಲೆ ಸವರಿ, ಫ್ರೇಮನ್ನು ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬಂದರು. ಆಟೋದವನು ಪ್ರತಿ ಹಂಪ್ ಬಂದಾಗಲೂ ನಿಧಾನಿಸಿ, "ಗಟ್ಟಿಯಾಗಿ ಹಿಡ್ಕೊಳ್ಳಿ ಅಮ್ಮಾ" ಎನ್ನುತ್ತಿದ್ದ.

ಭಾನುವಾರ ಸಿದ್ದಲಿಂಗಮ್ಮನಿದ್ದ ರಾಜೀವನಗರದ ಮನೆಯ ಮುಂದೆ ಶಾಮಿಯಾನ ಎದ್ದಿತು. ಪಕ್ಕದ ಮನೆಯ ಮಹದೇವಮ್ಮ ತನ್ನ ಮನೆಯ ಕುರ್ಚಿಗಳನ್ನೆಲ್ಲ ಕೇಳದೆಯೇ ಸಾಗಿಸಿದ್ದಳು. ಫೋಟೋವನ್ನು ಬಿಳಿಯ ಬಟ್ಟೆ ಹಾಸಿದ ಕುರ್ಚಿಯ ಮೇಲಿಟ್ಟು, ಶಾಂತಾದೇವಿ ವಿಭೂತಿ ಕಲಸಿಕೊಂಡು ಕುಳಿತರು. ಮೂರು ಬೆರಳಿಂದ ಎಳೆದರು. ನೆಟ್ಟಗೆ ಬಂತು. ಒರೆಸಿದರು. ಬೇಕೆಂದೇ ಸೊಟ್ಟಗೆ ಎಳೆದರು. ಬೇಕೆಂದೇ ಎಳೆದದ್ದು ಕಂಡುಬಿಟ್ಟಿತು. ಒರೆಸಿದರು. ಗಾಜಿನ ಮೇಲೆ ವಿಭೂತಿ ನಿಲ್ಲದು, ಜಾರುತ್ತದೆ. ಒರೆಸಿದಷ್ಟೂ ಹಣೆಯೆಲ್ಲ ಮಂಜು ಕವಿದ ಹಾಗಾಯಿತು.

ಶಿವಕಿರಣ್ ಪಕ್ಕದಲ್ಲಿ ಬಂದು ಕುಳಿತ. "ಚಿಕ್ಕತ್ತೆ, ಫ್ಯಾಕ್ಟ್ರೀಲಿ ಒಬ್ಬರಿಗೆ ಹಳೇ ಮೆಮೊರಿ ಕಾರ್ಡ್ ಕೊಟ್ಟು ನೋಡ್ಸಿದೆ. ಏನೂ ಸಿಗ್ಲಿಲ್ಲ." ಅವನ ಕಣ್ಣು ಕೆಂಪಾಗಿತ್ತು. ಶಾಂತಾದೇವಿಗೆ ಅವನನ್ನು ಇನ್ನಷ್ಟು ಬೈಯಬೇಕೆಂದಿತ್ತು, ಆಗಲಿಲ್ಲ. "ಒದ್ದೆ ಬಟ್ಟೆ ಕೊಡಿ" ಎಂದರು.

"ಚಿಕ್ಕಮ್ಮ, ಜನ ಬಂದ್ರು, ಸಾಕು" ಎಂದಳು ಹೇಮಶ್ರೀ.

"ಸಾಕು ಅಂದ್ರೆ? ಇದು ನಿಮ್ಮಮ್ಮನ ಥರ ಇದೆಯಾ?"

ಅಷ್ಟರಲ್ಲಿ ಶಿವನಂಜಮ್ಮ ಕೋಲೂರಿಕೊಂಡು ಒಳಗೆ ಬಂದಳು. ಸಿದ್ದಲಿಂಗಮ್ಮನ ಓರಗಿತ್ತಿ, ಜೀವವಿರುವವರೆಗೂ ಅವಳ ಜೊತೆ ಜಗಳವಾಡಿದವಳು. ಕುರ್ಚಿಯ ಮುಂದೆ ನಿಂತು, ಕಣ್ಣು ಕಿರಿದು ಮಾಡಿ ನೋಡಿದಳು.

"ಏನ್ ಸಾಂತಾ, ಗಾಜಾ ಅಂಗೆ ಉಜ್ತಾ ಕುಂತಿದ್ದೀಯೆ? ಬದುಕಿದ್ದಾಗ ಅವಳ ಅಣೆ ತಿದ್ದಿ ತಿದ್ದಿ ಸಾಕು ಮಾಡ್ದೆ, ಈಗ್ಲೂ ಬುಡಾಕಿಲ್ವಾ?"

"ಸರಿಯಾಗಿ ಬರ್ತಾ ಇಲ್ಲ ಶಿವನಂಜಕ್ಕ."

"ಬರಾಕೇನದೆ ಅದ್ರಲ್ಲಿ? ತತ್ತಾ ಇಲ್ಲಿ. ಬೋಳು ಅಣೇಲಿ ಕೂರ್ಸವ್ರೆ ಪಾಪ."

ಶಾಂತಾದೇವಿ ಬೇಡವೆನ್ನುವಷ್ಟರಲ್ಲಿ ಮುದುಕಿ ಬಟ್ಟಲಿಗೆ ಬೆರಳದ್ದಿ, ನಡುಗುವ ಕೈಯಿಂದ ಗಾಜಿನ ಮೇಲೆ ಎಳೆದೇಬಿಟ್ಟಳು. ಗೆರೆಗಳು ಹಣೆಯ ಮೇಲೆ ಶುರುವಾಗಿ, ಇಳಿದು, ಒಂದು ಹುಬ್ಬಿನ ಮೇಲೆ ಹತ್ತಿ, ಕಿವಿಯ ಹತ್ತಿರ ಎಲ್ಲೋ ಮುಗಿದವು. ಒಂದು ಹನಿ ಮೂಗಿಗಿಳಿಯಿತು.

ಹೇಮಶ್ರೀ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುವೋ ನಗುವೋ ತಿಳಿಯಲಿಲ್ಲ. ಶಿವಕಿರಣ್ ಒದ್ದೆ ಬಟ್ಟೆ ಮುಂದೆ ಹಿಡಿದ.

ಶಾಂತಾದೇವಿ ಬಟ್ಟೆ ತೆಗೆದುಕೊಂಡರು. ಫೋಟೋ ನೋಡಿದರು. ಇದು ಅಕ್ಕನ ವಿಭೂತಿಯೂ ಆಗಿರಲಿಲ್ಲ. ಆದರೆ ಅದರ ಕೆಳಗೆ, ತಲೆ ಹಿಂದಕ್ಕೆ ವಾಲಿಸಿ, ಹಲ್ಲಿಲ್ಲದ ಜಾಗ ತೋರಿಸಿಕೊಂಡು ಸಿದ್ದಲಿಂಗಮ್ಮ ನಗುತ್ತಿದ್ದಳು. ಓರಗಿತ್ತಿಯ ಕೈಚಳಕ ನೋಡಿಯೇ ನಗುತ್ತಿರುವವಳಂತೆ.

ಮೂಗಿನ ಮೇಲಿನ ಹನಿಯನ್ನಷ್ಟೇ ಒರೆಸಿ, ಶಾಂತಾದೇವಿ ಬಟ್ಟೆಯನ್ನು ಮಡಿಚಿ ಪಕ್ಕಕ್ಕಿಟ್ಟರು.