ಡ್ರಾಯಿಂಗ್‌ನಲ್ಲಿದ್ದ ಗದಿಗೆಮ್ಮ

ಲಾಬಿಯ ಚಿತ್ರಕ್ಕೆ ಕಾಗದ, ಪೆನ್ಸಿಲ್ ಸೇರಿ ನಾನೂರು ರೂಪಾಯಿ. ಮೆಹದಿಪಟ್ಟಣಂನ ಅಂಗಡಿಯಲ್ಲಿ ಕಟ್ಟು, ಗಾಜು ಹಾಕಿಸಿದ್ದು ಎರಡು ಸಾವಿರದ ಇನ್ನೂರು. ಮೊಳೆ ಹೊಡೆದವನಿಗೆ ನೂರು, ಅವನ ಚಹಾ ಬೇರೆ. ಚಿತ್ರ ಬರೆದ ರಾಘವೇಂದ್ರರಾಯರು ಏನೂ ತೆಗೆದುಕೊಳ್ಳಲಿಲ್ಲ. ನಮ್ಮ ಅಪಾರ್ಟ್‌ಮೆಂಟಿಗೆ ನಾನೇ ಖಜಾಂಚಿ, ಅಗ್ಗವಾಯಿತೆಂದು ಹಿಗ್ಗಿದೆ.

ನಮ್ಮಲ್ಲಿ ಹೆಚ್ಚಿನವರು ರಕ್ಷಣಾ ಕಾರ್ಖಾನೆಯಿಂದ ನಿವೃತ್ತರಾದವರು. ಅವರಿಗೆ ಒಂದೇ ಧರ್ಮ: ಡ್ರಾಯಿಂಗಿಗೆ ಸಹಿ ಬಿತ್ತೆಂದರೆ ವಸ್ತು ಅದರಂತೆಯೇ ಇರಬೇಕು.

ನಮ್ಮ ತಿಂಗಳ ಸಭೆಯೊಂದರಲ್ಲಿ ಎರಡು ಠರಾವು ಆದವು. ಫ್ಲಾಟ್ ನೋಡಲು ಬರುವವರ ಕಣ್ಣು ತಣಿಯಲೆಂದು ಲಾಬಿಗೆ ಒಂದು ನಿಸರ್ಗಚಿತ್ರ. ಅದೇ ಕಣ್ಣಿಗೆ ಚುಚ್ಚಬಾರದೆಂದು ಗೇಟಿನ ಬೇವಿನ ಮರದಡಿಯಿಂದ ಗದಿಗೆಮ್ಮನ ಇಸ್ತ್ರಿ ಬಂಡಿ ಎತ್ತಿಸುವುದು. ಅವಳ ಹೊಟ್ಟೆಪಾಡೆಲ್ಲ ಆ ಮರದಡಿಯೇ.

ರಾಯರು ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದವರು. ನಮ್ಮ ಗೇಟಿನ ನೋಟವನ್ನೇ ಬರೆದರು: ಹಿಂದೆ ಬಂಡೆಗಳ ಗುಡ್ಡ, ಮೇಲೆ ಮೋಡ, ಬೇವಿನ ಮರ, ಎರಡು ಆಡು, ಬಂಡಿಗೆ ಒರಗಿ ನಿಂತ ಗದಿಗೆಮ್ಮ.

"ಈಕೀನ್ನ ಯಾಕ ಹಾಕೀರಿ?" ಎಂದೆ.

"ಬಡವರು ಒಬ್ಬರು ಸಣ್ಣಗ ಇರಬೇಕ್ರಿ ವಿಶಾಲಾಕ್ಷಿಯವರ. ಇಲ್ಲಾಂದ್ರ ಗುಡ್ಡ ದೊಡ್ಡದು ಕಾಣಂಗಿಲ್ಲ."

ಅಧ್ಯಕ್ಷ ಚನ್ನಬಸಪ್ಪನವರು ಅದೇ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕರಾಗಿದ್ದವರು. "ಭಾಳ ಛಂದ ಐತಿ, ಮನಸ್ಸು ತಂಪಾತು" ಎನ್ನುತ್ತಿದ್ದಂತೆ ಅವರ ಕೈ ತಾನಾಗಿ ಚಿತ್ರದ ಮೂಲೆಯಲ್ಲಿ 'ಮಂಜೂರು' ಎಂದು ಬರೆದು ಸಹಿ ಹಾಕಿಬಿಟ್ಟಿತು.

ಚಿತ್ರ ಲಾಬಿಯ ಗೋಡೆಗೇರಿದ ಮರುದಿನ ವಾಚ್‌ಮನ್ ಬಂಡಿ ತಳ್ಳಲು ಹೋದ. ರಾಯರು ಚಪ್ಪಲಿ ಇಲ್ಲದೆ ಓಡಿಬಂದರು.

"ಏ ನಿಲ್ಲು! ಮಂಜೂರಾದ ಡ್ರಾಯಿಂಗಿನಾಗ ಬಂಡಿ ಐತಿ!"

ಚನ್ನಬಸಪ್ಪನವರು ಲಾಬಿಗೆ ಹೋಗಿ ನೋಡಿ, ಮುಖ ಸಣ್ಣ ಮಾಡಿಕೊಂಡು ಬಂದರು. "ಖರೇ ಐತಿ. ಸಹಿ ನಂದೇ."

"ಮತ್ತ ಠರಾವು?" ಎಂದೆ.

"ಠರಾವು ಬಾಯಿಮಾತರಿ. ಡ್ರಾಯಿಂಗು ಡ್ರಾಯಿಂಗು."

"ಯಪ್ಪಾ, ನಾ ಇರಲೋ ಹೋಗಲೋ?" ಎಂದಳು ಗದಿಗೆಮ್ಮ, ಬಿಸಿ ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡೇ.

"ಇರು. ಅಲುಗಬ್ಯಾಡ," ಎಂದರು ಚನ್ನಬಸಪ್ಪನವರು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಪರೀಕ್ಷಕರು ಪರೀಕ್ಷೆಗೆ ಇಳಿದರು. ಚಿತ್ರದಲ್ಲಿ ಆಡುಗಳಿದ್ದವು, ಕಟುಕರ ಅಂಗಡಿಯಿಂದ ಎರಡನ್ನು ಬಾಡಿಗೆಗೆ ತಂದು ಕಟ್ಟಿಸಿದರು. ಕಾರುಗಳಿರಲಿಲ್ಲ, ಎಲ್ಲವೂ ರಸ್ತೆಗೆ ಹೋದವು.

"ಅಂಕಲ್, ನಂದು ಹೊಸಾ ಕಾರು!" ಎಂದ ಎರಡನೇ ಮಹಡಿಯ ನಿಶಾಂತ.

"ಹೊಸಾದಿರಬಹುದಪಾ. ನಿಸರ್ಗ ಅಲ್ಲ."

ಮೋಡಕ್ಕೆ ಮಾತ್ರ ರಿಯಾಯಿತಿ ಸಿಕ್ಕಿತು, ಮಳೆ ಶುರುವಾದ ಮೇಲೆ ನೋಡೋಣವೆಂದು.

ಕೊನೆಗೆ ಚನ್ನಬಸಪ್ಪನವರ ಕಣ್ಣು ಮಳೆಗೆಂದು ಬಂಡಿಗೆ ಹೊದಿಸಿದ್ದ ತಗಡಿನ ಮೇಲೆ ಬಿತ್ತು. "ಇದು ಡ್ರಾಯಿಂಗಿನಾಗ ಇಲ್ಲ."

"ತಗಡಿಂದ ಮರದ ಟೊಂಗಿ ಮುಚ್ಚತಿತ್ರಿ, ಅದಕ್ಕ ಬಿಟ್ಟೆ," ಎಂದರು ರಾಯರು. "ತಗಡು ಇದ್ರ ಬಡತನ ಛಂದ ಕಾಣಂಗಿಲ್ಲ."

"ಮಳಿ ಬಂದ್ರ ನಾ ಎಲ್ಲಿ ಹೋಗಲಿ?" ಎಂದಳು ಗದಿಗೆಮ್ಮ.

"ಪೆನ್ಸಿಲ್ ಐತಲ್ಲರಿ, ಗಾಜು ತಗದು ತಗಡಿಗೊಂದು ಗೀಟು ಎಳೀರಿ!" ಎಂದು ನಾನು ರಾಯರನ್ನು ಬೇಡಿದೆ.

ಇಬ್ಬರೂ ನನ್ನನ್ನು ಕಳ್ಳಿಯಂತೆ ನೋಡಿದರು. "ಸಹಿ ಆದಮ್ಯಾಲ ತಿದ್ದೂದಾ? ಮುಂದಿನ ಸರ್ವಸಾಧಾರಣ ಸಭಾದಾಗ ಇಡ್ರಿ," ಎಂದರು ಚನ್ನಬಸಪ್ಪನವರು.

ಆ ಸಭೆ ಮಾರ್ಚಿನಲ್ಲಿ. ಆಗಿನ್ನೂ ಜೂನ್. ತಗಡು ಬಿಚ್ಚಿಸಿದರು. ಶನಿವಾರವೇ ಮಳೆ ಬಂತು.

ಗದಿಗೆಮ್ಮನಿಗೆ ಜಾಗ ಉಳಿಯಿತು, ಸೂರು ಹೋಯಿತು.